ಹಳೇ ಪ್ಲಗ್ಗು, ಸೈಕಲ್ ಟ್ಯೂಬು, ಬಿ.ಪಿ. ಮೀಟರು: ಮೆಕ್ಯಾನಿಕ್‌ಗಳೇ ಮಾಡಿಕೊಂಡ ಹತಾರಗಳು

ಏಪ್ರಿಲ್, ಮೇ ತಿಂಗಳ ಗಾಳಿಮಳೆ ಶುರುವಾಯಿತೆಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆ ಮರ ಕೊಯ್ಯುವ ಮಷಿನ್ನಿಗೆ ಬಿಡುವಿಲ್ಲ. ತೋಟದಲ್ಲಿ ಉರುಳಿದ ತೆಂಗು, ರಸ್ತೆಗೆ ಅಡ್ಡ ಬಿದ್ದ ಮಳೆಮರ, ತಂತಿಯ ಮೇಲೆ ವಾಲಿದ ಬೇವು, ಎಲ್ಲಕ್ಕೂ ಅದೇ ಬೇಕು. ಕೆಡುವುದೂ ಅದೇ ದಿನಗಳಲ್ಲಿ. ಹಗ್ಗ ಎಳೆದೆಳೆದು ರಟ್ಟೆ ಸೋತವರು ಮಷಿನ್ನನ್ನು ಗೊಬ್ಬರದ ಚೀಲಕ್ಕೆ ಹಾಕಿ ಬೈಕಿನಲ್ಲಿ ಪೇಟೆಗೆ ತರುತ್ತಾರೆ. ‘ಸ್ಟಾರ್ಟ್ ಆಯ್ತದೆ ಕಣಣ್ಣ, ರೇಸ್ ಕೊಟ್ರೆ ಆಫ್ ಆಯ್ತದೆ’ ಎಂಬ ದೂರು ಈ ಅಂಗಡಿಗಳಲ್ಲಿ ದಿನಾ ಕೇಳುವಂಥದ್ದು.

ಈ ನಾಲ್ಕೂ ತಾಲ್ಲೂಕುಗಳು ಸೇರಿಯೇ ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗ. ನಾಲೆ ಬಯಲಿನ ಕಬ್ಬು, ಭತ್ತ ಒಂದು ಕಡೆ. ನಾಗಮಂಗಲದ ರಾಗಿ ಹೊಲ, ನೀಲಗಿರಿ ತೋಪು ಇನ್ನೊಂದು ಕಡೆ. ತೆಂಗು ಎಲ್ಲ ಕಡೆ. ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು. ಆದರೆ ತೆಂಗು, ನೀಲಗಿರಿ, ಸಿಲ್ವರ್ ಓಕ್, ಸರ್ವೆಯಂಥ ಮರಗಳಿಗೆ ವಿನಾಯಿತಿ ಇದೆ. ರೈತ ಸ್ವಂತಕ್ಕೆ ಚೈನ್ ಸಾ ಇಟ್ಟುಕೊಳ್ಳಲು ಇಷ್ಟು ಸಾಕು.

ಅದನ್ನು ರಿಪೇರಿ ಮಾಡುವವನು ಚೈನ್ ಸಾ ಒಂದನ್ನೇ ನಂಬಿ ಅಂಗಡಿ ಇಟ್ಟವನಲ್ಲ. ಕಳೆ ಕೊಚ್ಚುವ ಮಷಿನ್, ಔಷಧಿ ಹೊಡೆಯುವ ಪವರ್ ಸ್ಪ್ರೇಯರ್, ಸಣ್ಣ ಪಂಪ್‌ಸೆಟ್ ಎಲ್ಲವೂ ಅವನ ಮುಂದೆ ಸಾಲಾಗಿ ಕೂತಿರುತ್ತವೆ. ಇವುಗಳಲ್ಲಿ ಬಹಳಷ್ಟಕ್ಕೆ ಟೂ ಸ್ಟ್ರೋಕ್ ಎಂಜಿನ್. ಈ ಸೀಮೆಗೆ ಟೂ ಸ್ಟ್ರೋಕ್ ಹೊಸದಲ್ಲ. ಪಕ್ಕದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಬೈಕುಗಳು ಟೂ ಸ್ಟ್ರೋಕ್ ಗಾಡಿಗಳೇ. ಪೆಟ್ರೋಲಿಗೆ ಆಯಿಲ್ ಬೆರೆಸುವುದು, ಸೈಲೆನ್ಸರಿನ ಮಸಿ ಕೆರೆಯುವುದು, ಹೊಗೆಯ ಬಣ್ಣ ನೋಡಿ ರೋಗ ಹೇಳುವುದು ಹಳೆಯ ಮೆಕ್ಯಾನಿಕ್‌ಗಳಿಗೆ ಆ ಗಾಡಿಗಳಿಂದಲೇ ಬಂದ ವಿದ್ಯೆ.

ಆದರೆ ಚೈನ್ ಸಾ ಬಿಚ್ಚುವುದಕ್ಕೆ ಬೈಕಿನ ಸ್ಪ್ಯಾನರ್ ಸೆಟ್ ಸಾಲದು. 1926ರಿಂದ ಈ ಯಂತ್ರ ತಯಾರಿಸುತ್ತಿರುವ ಜರ್ಮನಿಯ ಸ್ಟಿಲ್ ಕಂಪನಿ ಪ್ರತಿಯೊಂದು ಕೆಲಸಕ್ಕೂ ಬೇರೆ ಹತಾರ ಮಾಡಿ, ಅದಕ್ಕೊಂದು ನಂಬರ್ ಕೊಟ್ಟಿದೆ. ಅವು ಡೀಲರ್‌ಗಳ ವರ್ಕ್‌ಶಾಪಿನಲ್ಲಿರುತ್ತವೆ. ತಾಲ್ಲೂಕು ಪೇಟೆಯ ಅಂಗಡಿಗೆ ಬರುವುದೋ ಹತ್ತು ಹೆಸರಿನ ಮಷಿನ್‌ಗಳು. ಅದರಲ್ಲೂ 58 ಸಿ.ಸಿ.ಯ ಚೀನಾ ಮಾಲಿಗೆ ಕೈಪಿಡಿ ಸಿಕ್ಕರೂ ಹತಾರ ಸಿಗುವುದಿಲ್ಲ. ಹಾಗಾಗಿ ಬೇಕಾದ್ದನ್ನು ಗುಜರಿಯಿಂದ ಆರಿಸಿ ತಾನೇ ಮಾಡಿಕೊಳ್ಳುವುದು ರೂಢಿಯಾಯಿತು. ಇದನ್ನು ಬಡತನದ ಉಪಾಯ ಎಂದು ತಳ್ಳಿಹಾಕುವುದು ತಪ್ಪು. ಎಂಜಿನ್ ಒಳಗೆ ಏನು ನಡೆಯುತ್ತದೆಂದು ಗೊತ್ತಿಲ್ಲದವನಿಗೆ ಈ ಹತಾರಗಳಲ್ಲಿ ಒಂದನ್ನೂ ಮಾಡಲಾಗದು.

ಕ್ಲಚ್ ಬಿಚ್ಚುವ ಕೆಲಸವನ್ನೇ ನೋಡಿ. ಕ್ಲಚ್ ಕೂತಿರುವುದು ಕ್ರ್ಯಾಂಕಿನ ತುದಿಯಲ್ಲಿ, ಉಲ್ಟಾ ಥ್ರೆಡ್ಡಿನ ಮೇಲೆ. ಮಷಿನ್ ಓಡಿದಷ್ಟೂ ಅದು ಬಿಗಿಯಾಗುತ್ತ ಹೋಗುತ್ತದೆ. ಎಂಜಿನ್ ತಿರುಗುವ ದಿಕ್ಕಿಗೇ ತಿರುಗಿಸಿದರೆ ಮಾತ್ರ ಕಳಚುತ್ತದೆ. ಅಷ್ಟು ಬಲ ಹಾಕುವಾಗ ಕ್ರ್ಯಾಂಕ್ ತಿರುಗದಂತೆ ಪಿಸ್ಟನ್ನನ್ನು ಒಳಗಿನಿಂದ ತಡೆಯಬೇಕು. ಅದಕ್ಕೆ ಸುಲಭದ ಹತಾರವೆಂದರೆ ಹಳೆಯ ಸ್ಟಾರ್ಟರ್ ಹಗ್ಗ. ಪ್ಲಗ್ ತೆಗೆದು ಆ ತೂತಿನಿಂದ ಒಂದೆರಡು ಅಡಿ ಹಗ್ಗ ತುರುಕಿದರೆ ಪಿಸ್ಟನ್ ಮೇಲೆ ಮೆತ್ತೆಯಾಗಿ ಕೂರುತ್ತದೆ. ಆದರೆ ಹಗ್ಗ ತುರುಕುವ ಮೊದಲೇ ಪಿಸ್ಟನ್ ಮೇಲೇರಿ ಸೈಲೆನ್ಸರ್ ಕಡೆಯ ಕಿಂಡಿಯನ್ನು ಮುಚ್ಚಿರಬೇಕು. ಇಲ್ಲದಿದ್ದರೆ ಹಗ್ಗದ ಮಡಿಕೆ ಕಿಂಡಿಯೊಳಕ್ಕೆ ಇಳಿದು ಪಿಸ್ಟನ್ನಿನ ಅಂಚಿಗೆ ಸಿಕ್ಕಿ ತುಂಡಾಗುತ್ತದೆ. ಕೈ ಪಳಗಿದವರು ಸೈಲೆನ್ಸರ್ ಬಿಚ್ಚಿ ಕಿಂಡಿಯನ್ನು ಕಣ್ಣಾರೆ ನೋಡಿದ ಮೇಲೆಯೇ ಹಗ್ಗ ಬಿಡುತ್ತಾರೆ.

ಇನ್ನೊಂದು ಬಗೆಯೂ ಇದೆ. ಸುಟ್ಟುಹೋದ ಸ್ಪಾರ್ಕ್ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದರೆ 14 ಎಂ.ಎಂ. ಥ್ರೆಡ್ಡಿನ ಕಬ್ಬಿಣದ ಚಿಪ್ಪು ಉಳಿಯುತ್ತದೆ. ಅದರೊಳಗೆ 8 ಎಂ.ಎಂ. ಬೋಲ್ಟ್ ಕೂರಿಸಿ ವೆಲ್ಡಿಂಗ್ ಮಾಡಿದರೆ ಪಿಸ್ಟನ್ ತಡೆ ಸಿದ್ಧ. ಬೋಲ್ಟಿನ ತುದಿಯನ್ನು ಅರದಿಂದ ತಿಕ್ಕಿ ಉರುಟು ಮಾಡಲೇಬೇಕು. ಚೂಪು ಉಳಿದರೆ ಅಲ್ಯೂಮಿನಿಯಂ ಪಿಸ್ಟನ್ನಿಗೆ ಕುಳಿ ಬೀಳುತ್ತದೆ. ತುದಿಗೆ ಹಿತ್ತಾಳೆ ಇದ್ದರೆ ಇನ್ನೂ ಕ್ಷೇಮ. ಕಂಚು, ಹಿತ್ತಾಳೆ ಎರಕಕ್ಕೆ ಹೆಸರಾದ ನಾಗಮಂಗಲದಲ್ಲಿ ಅಂಥದೊಂದು ತುಂಡಿಗೆ ಬಹಳ ದೂರ ಹೋಗಬೇಕಿಲ್ಲ.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಡಾಕ್ಟರು ರಕ್ತದೊತ್ತಡ ನೋಡುವ ಹಳೆಯ ಮೀಟರಿನಿಂದ ಮಾಡಿಕೊಳ್ಳುವ ಲೀಕ್ ಪರೀಕ್ಷೆ. ರೇಸ್ ಕೊಟ್ಟರೆ ಆಫ್ ಆಗುವ ಮಷಿನ್ ಎಷ್ಟೋ ಸಲ ಎಲ್ಲೋ ಏರ್ ಎಳೆಯುತ್ತಿರುತ್ತದೆ. ಆಯಿಲ್ ಸೀಲ್ ಗಟ್ಟಿಯಾಗಿರಬಹುದು, ಕಾರ್ಬೊರೇಟರಿನ ಹಿಂದಿನ ರಬ್ಬರ್ ಬಿರಿದಿರಬಹುದು. ಗಾಳಿ ಹೆಚ್ಚಾದರೆ ಪೆಟ್ರೋಲ್ ಜೊತೆ ಬರುವ ಆಯಿಲೂ ಕಡಿಮೆಯಾಗಿ ಪಿಸ್ಟನ್ ಸೀಜ್ ಆಗುತ್ತದೆ. ಕಾರಣ ಹುಡುಕದೆ ಪಿಸ್ಟನ್, ಸಿಲಿಂಡರ್ ಬದಲಿಸಿದರೆ ಅದೇ ಗತಿ ಮತ್ತೆ. ಅದಕ್ಕೇ ಸೈಲೆನ್ಸರ್ ಬಾಯಿಗೆ ಲಾರಿ ಟ್ಯೂಬಿನ ತುಂಡು ಇಟ್ಟು ಬಿಗಿಯುತ್ತಾರೆ. ಕಾರ್ಬೊರೇಟರ್ ಜಾಗಕ್ಕೆ ಸೈಕಲ್ ಟ್ಯೂಬಿನ ಮೌತ್ ಕೂರಿಸಿದ ತಗಡಿನ ಪಟ್ಟಿ ಬರುತ್ತದೆ. ಬಿ.ಪಿ. ಮೀಟರಿನ ರಬ್ಬರ್ ಬಲ್ಬನ್ನು ಅದಕ್ಕೆ ಜೋಡಿಸಿ ಒತ್ತಬೇಕು. ಕಂಪನಿಯ ನಿಯಮದಂತೆ ಒತ್ತಡ 0.5 ಬಾರ್ ಇರಬೇಕು, 20 ಸೆಕೆಂಡ್ ಇಳಿಯದೆ ನಿಲ್ಲಬೇಕು. ಬಿ.ಪಿ. ಮೀಟರಿನ ಕೊನೆಯ ಗೆರೆ 300, ಅಂದರೆ 0.4 ಬಾರ್. ಅಂಗಡಿಯ ಕೆಲಸಕ್ಕೆ ಅಷ್ಟು ಸಾಕು. ಮುಳ್ಳು ಇಳಿದರೆ ಸೋಪಿನ ನೀರು ಹಚ್ಚಿ ನೋಡುತ್ತಾರೆ. ಗುಳ್ಳೆ ಎದ್ದಲ್ಲೇ ರೋಗ. ಒತ್ತಡಕ್ಕೆ ತಡೆದ ಸೀಲ್ ಹೀರುವಿಕೆಗೆ ಸೋಲುವುದೂ ಉಂಟು. ಅದನ್ನು ನೋಡಲು ಸೈಕಲ್ ಪಂಪಿನ ಚರ್ಮದ ವಾಷರನ್ನು ಹಿಂದುಮುಂದು ಹಾಕಿ, ವಾಲ್ವನ್ನೂ ತಿರುಗಿಸಿದರೆ ಗಾಳಿ ತುಂಬುವ ಪಂಪೇ ಗಾಳಿ ಹೀರುತ್ತದೆ.

ಅಂದ ಹಾಗೆ, ಸರಪಳಿ ಗರಗಸ ಮೊದಲು ಹುಟ್ಟಿದ್ದೂ ವೈದ್ಯರ ಕೈಯಲ್ಲೇ. 18ನೇ ಶತಮಾನದ ಕೊನೆಯಲ್ಲಿ ಸ್ಕಾಟ್ಲೆಂಡಿನ ಜಾನ್ ಏಟ್‌ಕೆನ್ ಮತ್ತು ಜೇಮ್ಸ್ ಜೆಫ್ರಿ ಎಂಬ ವೈದ್ಯರು ಮೂಳೆ ಕತ್ತರಿಸಲು ಕೈಯಲ್ಲಿ ಎಳೆಯುವ ಹಲ್ಲಿನ ಸರಪಳಿ ಬಳಸಿದ್ದರು. ಮರಕ್ಕೆ ಅದು ಬಂದದ್ದು ನೂರಕ್ಕೂ ಹೆಚ್ಚು ವರ್ಷದ ಮೇಲೆ.

ಉಳಿದ ಹತಾರಗಳು ಸಣ್ಣವು, ಆದರೆ ಅವಿಲ್ಲದೆ ಕೆಲಸ ನಡೆಯದು. ಪಿಸ್ಟನ್ ಕೂರಿಸುವಾಗ ಅದು ಅಲ್ಲಾಡದಂತೆ ಕೆಳಗೆ ಕೊಡುವ ಮರದ ಕವೆ. ಕಂಪನಿಯವರ ಪಟ್ಟಿಯಲ್ಲೂ ಇದು ಮರದ್ದೇ. ರಿಂಗ್ ಅದುಮಿ ಹಿಡಿಯಲು ತಗಡಿನ ಪಟ್ಟಿಯೂ ಒಂದು ಕ್ಲಿಪ್ಪೂ ಸಾಕು. ಆಯಿಲ್ ಸೀಲ್ ಕೀಳುವ ಕೊಕ್ಕೆ ಮಾಡುವುದು ಹಳೆಯ ಸ್ಕ್ರೂ ಡ್ರೈವರನ್ನು ಕುಲುಮೆಯಲ್ಲಿ ಕಾಯಿಸಿ ಬಗ್ಗಿಸಿ. ಹೊಸ ಸೀಲ್ ಸಮನಾಗಿ ಕೂರಬೇಕಾದರೆ ಅಳತೆಗೆ ಕೊಯ್ದ ಜಿ.ಐ. ಪೈಪಿನ ತುಂಡು. ಮ್ಯಾಗ್ನೆಟ್ಟಿಗೂ ಕಾಯಿಲ್‌ಗೂ ನಡುವೆ ಬಿಡುವ ಸಂದಿಗೆ ವಿಸಿಟಿಂಗ್ ಕಾರ್ಡ್.

ಚೈನಿಗೆ ಅರ ಹಿಡಿಯುವಲ್ಲಿ ಬರುವ ಒಂದು ಅಳತೆಯನ್ನು ಮಾತ್ರ ಬಿಡಿಸಿ ಹೇಳಬೇಕು. ಪ್ರತಿ ಕೊಯ್ಯುವ ಹಲ್ಲಿನ ಮುಂದೆ ಒಂದು ಸಣ್ಣ ಗುಬುಟು ಇರುತ್ತದೆ. ಹಲ್ಲು ಮರದೊಳಗೆ ಎಷ್ಟು ಆಳ ಇಳಿಯಬೇಕೆಂದು ತೀರ್ಮಾನಿಸುವುದು ಅದು. ಸಾಮಾನ್ಯ ಚೈನಿನಲ್ಲಿ ಗುಬುಟು ಹಲ್ಲಿಗಿಂತ 0.65 ಎಂ.ಎಂ. ತಗ್ಗಿರಬೇಕು. ಕೈಯಲ್ಲಿ ಬಳಸುವ ಹ್ಯಾಕ್ಸಾ ಬ್ಲೇಡಿನ ದಪ್ಪವೂ ಹೆಚ್ಚೂಕಡಿಮೆ ಅಷ್ಟೇ. ಬ್ಲೇಡಿನ ಹಲ್ಲನ್ನು ಗ್ರೈಂಡರಿನಲ್ಲಿ ತೆಗೆದುಹಾಕಿ, ಎರಡು ಕೊಯ್ಯುವ ಹಲ್ಲುಗಳ ಮೇಲೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು, ಸ್ಕೇಲಿಗೂ ಗುಬುಟಿಗೂ ನಡುವೆ ಬ್ಲೇಡ್ ತೂರಿಸಿದರೆ ಅಳತೆ ಸಿಕ್ಕಿತು. ಬ್ಲೇಡ್ ಹೋಗದಿದ್ದರೆ ಗುಬುಟನ್ನು ಅರದಿಂದ ಒಂದೆರಡು ಸಲ ತಿಕ್ಕಬೇಕು, ಅಷ್ಟೇ. ಅಂದಾಜಿನಲ್ಲಿ ಹೆಚ್ಚು ತಿಕ್ಕಿದರೆ ಚೈನ್ ಮರವನ್ನು ಕಚ್ಚಿ ಮಷಿನ್ ಹಿಂದಕ್ಕೆ ಒದೆಯುತ್ತದೆ.

ಮನೆಯಲ್ಲೇ ಮಾಡಿದ್ದು ಸಲ್ಲದ ಜಾಗಗಳೂ ಇವೆ, ಅಲ್ಲಿ ರಾಜಿ ಕೂಡದು. ತುಂಡಾದ ಚೈನಿಗೆ ವೆಲ್ಡಿಂಗ್ ಬೇಡ, ಮೊಳೆ ಬಡಿದು ರಿವೆಟ್ ಮಾಡುವುದೂ ಬೇಡ. ಅಷ್ಟು ವೇಗದಲ್ಲಿ ಸಿಡಿದರೆ ಅದು ಬರುವುದು ಹಿಡಿದವನ ಕೈಗೆ. ಮುಂದಿನ ಹಿಡಿಯ ಬಳಿ ಇರುವ ಚೈನ್ ಬ್ರೇಕಿನ ಪಟ್ಟಿ ಮುರಿದರೆ ‘ಅದಿಲ್ದೇನೂ ಓಡ್ತದೆ, ಬಿಡಿ’ ಎನ್ನುವ ಗಿರಾಕಿಗಳಿದ್ದಾರೆ. ಒಪ್ಪದ ಮೆಕ್ಯಾನಿಕ್ ಒಳ್ಳೆಯ ಮೆಕ್ಯಾನಿಕ್.

ಇಷ್ಟೆಲ್ಲ ತಿಳಿವಳಿಕೆ ಇರುವುದು ಬಾಯಿಂದ ಬಾಯಿಗೆ, ಕೈಯಿಂದ ಕೈಗೆ. ಕ್ಲಚ್ ಥ್ರೆಡ್ ಉಲ್ಟಾ ಎಂದು ಗೊತ್ತಿಲ್ಲದೆ ಉಳಿ ಇಟ್ಟು ಬಡಿದು ಕ್ರ್ಯಾಂಕ್ ಹಾಳುಮಾಡುವ ಹುಡುಗರಿಗೆ ಹೇಳಿಕೊಡುವವರು ಬೇಕು. ನಮ್ಮ ಐ.ಟಿ.ಐ.ಗಳು ಮತ್ತು ಮಂಡ್ಯದ ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರ ಮನಸ್ಸು ಮಾಡಿದರೆ ಈ ಮೆಕ್ಯಾನಿಕ್‌ಗಳನ್ನೇ ಗುರುಗಳಾಗಿ ಕೂರಿಸಿ ತರಬೇತಿ ನಡೆಸಬಹುದು, ಹತಾರಗಳ ಚಿತ್ರ ಮತ್ತು ಅಳತೆ ಇರುವ ಕನ್ನಡ ಕೈಪಿಡಿಯನ್ನೂ ತರಬಹುದು. ಮಷಿನ್ ಇಟ್ಟುಕೊಂಡ ರೈತರಲ್ಲಿ ಒಂದು ಮಾತು: ಆಯಿಲ್ ಡಬ್ಬಿಯ ಮೇಲೆ 50ಕ್ಕೆ 1 ಎಂದಿದ್ದರೆ ಲೀಟರ್ ಪೆಟ್ರೋಲಿಗೆ 20 ಮಿ.ಲೀ., 25ಕ್ಕೆ 1 ಎಂದಿದ್ದರೆ 40 ಮಿ.ಲೀ. ಅಳೆದೇ ಹಾಕಿ. ಪಿಸ್ಟನ್ ಹೋಗಿದೆ ಎಂದು ಯಾರಾದರೂ ಹೇಳಿದರೆ ಹೊಸದಕ್ಕೆ ದುಡ್ಡು ಕೊಡುವ ಮೊದಲು ಲೀಕ್ ನೋಡಿದಿರಾ ಎಂದು ಕೇಳಿ.