ಪ್ರೋಬಯಾಟಿಕ್ ಪುಡಿ ತಿಂದರೆ ಫ್ಯಾಟಿ ಲಿವರ್ ಹೋಗುತ್ತದೆಯೇ? ಫಾರ್ವರ್ಡ್ ಮಾಡುವ ಮುನ್ನ ಓದಿ

“ಕರುಳಿನ ಒಳ್ಳೆ ಬ್ಯಾಕ್ಟೀರಿಯಾ ಹೆಚ್ಚಿಸಿ, 21 ದಿನದಲ್ಲಿ ಫ್ಯಾಟಿ ಲಿವರ್ ಮಾಯ. ಶುಗರ್ ಮಾತ್ರೆಯೂ ಬೇಡ!” ಬಸವಕಲ್ಯಾಣದ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಬಂದ ಸಂದೇಶ ಇದು. ಕೆಳಗೆ ಒಂದು ಪುಡಿ ಡಬ್ಬಿಯ ಫೋಟೋ. ಹುಮನಾಬಾದಿನಲ್ಲಿರುವ ನಮ್ಮ ಕಾಕಾ ಇದನ್ನು ನಂಬಿದರು. ಅವರಿಗೆ ಸ್ಕ್ಯಾನಿಂಗ್‌ನಲ್ಲಿ ‘ಗ್ರೇಡ್ 2 ಫ್ಯಾಟಿ ಲಿವರ್’ ಎಂದು ಬಂದಿತ್ತು, ಎಂಟು ವರ್ಷದಿಂದ ಸಕ್ಕರೆ ಕಾಯಿಲೆಯೂ ಇದೆ. ಪುಡಿ ತರಿಸಿದರು, ಶುಗರ್ ಮಾತ್ರೆ ನಿಲ್ಲಿಸಿದರು. ಆರು ವಾರ ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಈ ಸಂದೇಶದ ತೊಂದರೆ ಏನೆಂದರೆ, ಅದು ಪೂರ್ತಿ ಸುಳ್ಳಲ್ಲ.

ಇದರಲ್ಲಿ ನಿಜ ಎಷ್ಟು?

ಲಿವರ್‌ಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಹೊಟ್ಟೆ, ಕರುಳಿನ ಕಡೆಯಿಂದಲೇ ಬರುತ್ತದೆ. ಪೋರ್ಟಲ್ ವೇನ್ ಎಂಬ ರಕ್ತನಾಳ ಅದನ್ನು ತರುತ್ತದೆ. ಅಂದರೆ ಕರುಳಿನಲ್ಲಿ ಏನು ತಯಾರಾದರೂ ಅದರ ಮೊದಲ ನಿಲ್ದಾಣ ಲಿವರ್. ಕರುಳಿನ ಗೋಡೆ ಸಡಿಲವಾದರೆ ಬ್ಯಾಕ್ಟೀರಿಯಾದ ಚೂರುಗಳು ರಕ್ತಕ್ಕೆ ಸೇರಿ, ಲಿವರ್‌ನಲ್ಲಿ ಉರಿಯೂತ ಹೆಚ್ಚಿಸಬಲ್ಲವು.

2019ರಲ್ಲಿ ಚೀನಾದ ಸಂಶೋಧಕರು ಇನ್ನೂ ವಿಚಿತ್ರವಾದದ್ದನ್ನು ಕಂಡರು. ಫ್ಯಾಟಿ ಲಿವರ್ ಇದ್ದ ಅಲ್ಲಿನ ಒಂದು ಗುಂಪಿನ ಸುಮಾರು 60% ಜನರ ಕರುಳಿನಲ್ಲಿ ಆಲ್ಕೋಹಾಲ್ ತಯಾರಿಸುವ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ ಇತ್ತು. ಅದನ್ನು ಇಲಿಗಳಿಗೆ ಕೊಟ್ಟಾಗ ಅವುಗಳ ಲಿವರ್‌ನಲ್ಲೂ ಕೊಬ್ಬು ತುಂಬಿತು. “ನಾನು ಒಂದು ಹನಿ ಕುಡಿದವನಲ್ಲ, ನನಗ್ಯಾಕೆ ಲಿವರ್ ತೊಂದರೆ?” ಎಂದು ಕೇಳುವವರಿಗೆ ಇದು ಒಂದು ಉತ್ತರ. ಎಲ್ಲರಿಗೂ ಅಲ್ಲ. ಹೆಚ್ಚಿನವರಲ್ಲಿ ಹೊಟ್ಟೆಯ ಬೊಜ್ಜು ಮತ್ತು ಸಕ್ಕರೆ ಕಾಯಿಲೆಯೇ ದೊಡ್ಡ ಕಾರಣ.

ಹಾಗಾದರೆ ಒಳ್ಳೆ ಬ್ಯಾಕ್ಟೀರಿಯಾ ಸೇರಿಸಿದರೆ ಆಯಿತಲ್ಲ?

ಸಂದೇಶ ಜಾರುವುದು ಇಲ್ಲಿಯೇ. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಫ್ಯಾಟಿ ಲಿವರ್ ಇದ್ದ 104 ಜನರ ಮೇಲೆ ಪರೀಕ್ಷೆ ನಡೆಯಿತು. ಒಂದು ಗುಂಪಿಗೆ ಬಿಫಿಡೋಬ್ಯಾಕ್ಟೀರಿಯಂ ಮತ್ತು ಅದು ತಿನ್ನುವ ನಾರು, ಇನ್ನೊಂದು ಗುಂಪಿಗೆ ಏನೂ ಇಲ್ಲದ ನಕಲಿ ಪುಡಿ. 21 ದಿನವಲ್ಲ, ಸುಮಾರು ಒಂದು ವರ್ಷ. 2020ರಲ್ಲಿ ಫಲಿತಾಂಶ ಪ್ರಕಟವಾಯಿತು: ಕರುಳಿನ ಬ್ಯಾಕ್ಟೀರಿಯಾ ನಿಜಕ್ಕೂ ಬದಲಾಗಿದ್ದವು. ಲಿವರ್‌ನ ಕೊಬ್ಬು ಮಾತ್ರ ನಕಲಿ ಪುಡಿ ತಿಂದವರಿಗಿಂತ ಹೆಚ್ಚು ಇಳಿದಿರಲಿಲ್ಲ.

ಕೆಲವು ಚಿಕ್ಕ ಅಧ್ಯಯನಗಳಲ್ಲಿ ಎಸ್‌ಜಿಪಿಟಿ ಸ್ವಲ್ಪ ಇಳಿದದ್ದುಂಟು. ಫಾರ್ವರ್ಡ್‌ಗಳು ಅದನ್ನೇ ಹಿಡಿದುಕೊಳ್ಳುತ್ತವೆ. ಆದರೆ ಒಂದೊಂದು ಅಧ್ಯಯನದಲ್ಲಿ ಒಂದೊಂದು ಬ್ಯಾಕ್ಟೀರಿಯಾ, ಒಂದೊಂದು ಪ್ರಮಾಣ. ಅದನ್ನು ನೋಡಿ ಅಂಗಡಿಯ ಯಾವುದೋ ಡಬ್ಬಿಗೆ ಸರ್ಟಿಫಿಕೇಟ್ ಕೊಡಲಾಗದು.

ಮೊಸರು ಬಿಡಬೇಕೇ?

ಖಂಡಿತ ಬೇಡ. ಮನೆಯಲ್ಲಿ ಹೆಪ್ಪು ಹಾಕಿದ ಮೊಸರಿನಲ್ಲಿ ಜೀವಂತ ಬ್ಯಾಕ್ಟೀರಿಯಾ ಇರುತ್ತವೆ. ಯಾವುದು, ಎಷ್ಟು ಎಂಬುದು ಮನೆಯಿಂದ ಮನೆಗೆ ಬೇರೆ, ಆದ್ದರಿಂದ ಅದನ್ನು ಔಷಧಿ ಎನ್ನಲಾಗದು, ಒಳ್ಳೆಯ ಊಟ ಎನ್ನಬಹುದು. (ಮಜ್ಜಿಗೆ ಕುದಿಸಿ ಮಾಡುವ ಕಢಿಯಲ್ಲಿ ಆ ಬ್ಯಾಕ್ಟೀರಿಯಾ ಸಾಯುತ್ತವೆ. ರುಚಿಗೆ ತಿನ್ನಿ, ಅಡ್ಡಿಯಿಲ್ಲ.) ಕರುಳಿನಲ್ಲಿ ಈಗಾಗಲೇ ಇರುವ ಬ್ಯಾಕ್ಟೀರಿಯಾಗಳಿಗೆ ಬೇಕಾದದ್ದು ನಾರು. ನಮ್ಮ ಕಡೆಯ ಜೋಳದ ರೊಟ್ಟಿ, ತೊಗರಿ ಬೇಳೆ, ಕಾಳು ಪಲ್ಯ, ಸೊಪ್ಪಿನಲ್ಲಿ ಅದು ಬೇಕಾದಷ್ಟಿದೆ, ಸಾವಿರಾರು ರೂಪಾಯಿ ಖರ್ಚಿಲ್ಲದೆ.

ನನ್ನ ಕೇಳಿದರೆ ಡಬ್ಬಿಗಿಂತ ಮೊದಲು ಚಹಾ ಕಪ್ಪು ನೋಡಬೇಕು. ಕಾಕಾ ದಿನಕ್ಕೆ ಆರು ಚಹಾ ಕುಡಿಯುತ್ತಾರೆ, ಹೈವೇ ಹೋಟೆಲಿನ ಸಿಹಿ ಚಹಾ. ಕಪ್ಪಿಗೆ ಎರಡು ಚಮಚ ಎಂದರೂ ದಿನಕ್ಕೆ ಹೆಚ್ಚೂಕಡಿಮೆ 50 ಗ್ರಾಂ ಸಕ್ಕರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಇಡೀ ದಿನದ ಮಿತಿಯೇ ಅಷ್ಟು, 25 ಗ್ರಾಂ ಆದರೆ ಇನ್ನೂ ಒಳ್ಳೆಯದು. ಹೆಚ್ಚಾದ ಸಕ್ಕರೆಯನ್ನು ಲಿವರ್ ಕೊಬ್ಬಾಗಿ ಮಾರ್ಪಡಿಸುತ್ತದೆ.

ಫ್ಯಾಟಿ ಲಿವರ್‌ಗೆ ಚೆನ್ನಾಗಿ ಸಾಬೀತಾಗಿರುವುದು ತೂಕ ಇಳಿಕೆ. 80 ಕಿಲೋ ಇರುವವರು 4 ಕಿಲೋ ಇಳಿಸಿದರೆ ಲಿವರ್‌ನ ಕೊಬ್ಬು ಕಡಿಮೆಯಾಗತೊಡಗುತ್ತದೆ, 6ರಿಂದ 8 ಕಿಲೋ ಇಳಿಸಿದರೆ ಉರಿಯೂತವೂ ತಗ್ಗುತ್ತದೆ. ಲಿವರ್ ಗಟ್ಟಿಯಾಗತೊಡಗಿದವರಿಗೆ ಹೊಸ ಔಷಧಗಳೂ ಬಂದಿವೆ, 2024ರಲ್ಲಿ ಅಮೆರಿಕ ರೆಸ್ಮೆಟಿರಾಮ್‌ಗೆ ಒಪ್ಪಿಗೆ ಕೊಟ್ಟಿತು. ಅದು ವೈದ್ಯರು ತೀರ್ಮಾನಿಸುವ ವಿಷಯ.

ಭಾರತದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2022ರಲ್ಲಿ ದೆಹಲಿಯ ಏಮ್ಸ್ ವೈದ್ಯರು ಮಾಡಿದ ಲೆಕ್ಕದಂತೆ ಸುಮಾರು 38% ವಯಸ್ಕರಿಗೆ ಫ್ಯಾಟಿ ಲಿವರ್ ಇದೆ. ಹೆಚ್ಚಿನವರಿಗೆ ಯಾವ ನೋವೂ ಇರುವುದಿಲ್ಲ, ಎಸ್‌ಜಿಪಿಟಿ ಸರಿಯಾಗಿದ್ದರೂ ಕಾಯಿಲೆ ಇರಬಹುದು. ಸಕ್ಕರೆ ಕಾಯಿಲೆ ಇರುವವರು ವೈದ್ಯರ ಬಳಿ ‘ಫಿಬ್-4’ ಲೆಕ್ಕ ಕೇಳಿ. ವಯಸ್ಸು, ಎರಡು ಲಿವರ್ ಪರೀಕ್ಷೆ ಮತ್ತು ಪ್ಲೇಟ್‌ಲೆಟ್ ಸಂಖ್ಯೆ ಇದ್ದರೆ ಸಾಕು. ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರು ಪ್ರೋಬಯಾಟಿಕ್ ಡಬ್ಬಿಯನ್ನು ತಾವಾಗಿಯೇ ಶುರು ಮಾಡಬಾರದು. ಶುಗರ್ ಮಾತ್ರೆಯನ್ನಂತೂ ಯಾರೂ ತಾವಾಗಿಯೇ ನಿಲ್ಲಿಸಬಾರದು.

ಆರು ವಾರದ ಬಳಿಕ ಕಾಕಾನಿಗೆ ಬಾಯಾರಿಕೆ, ಸುಸ್ತು. ಖಾಲಿ ಹೊಟ್ಟೆಯ ಶುಗರ್ 290 ಬಂತು. ಈಗ ಮಾತ್ರೆ ಮತ್ತೆ ಶುರುವಾಗಿದೆ, ಚಹಾ ಎರಡಕ್ಕೆ ಇಳಿದಿದೆ. ಪುಡಿಯ ಡಬ್ಬಿ ಇನ್ನೂ ಅರ್ಧ ಉಳಿದಿದೆ.