ಪಿಕಪ್ ಗಾಡಿಗೆ ಸಬ್‌ವೂಫರ್ ಕೂರಿಸುವ ಮುನ್ನ



ಬೆಳೆದ ಮಾಲನ್ನು ಪೇಟೆಗೆ ಸಾಗಿಸಲು ಒಂದು ಕಾಲಕ್ಕೆ ಎತ್ತಿನ ಗಾಡಿಯೇ ಗತಿಯಾಗಿತ್ತು. ಈಗ ಹಳ್ಳಿಹಳ್ಳಿಗೂ ಪಿಕಪ್ ಗಾಡಿಗಳು ಬಂದಿವೆ. ಕೋಲಾರಕ್ಕೆ ಟೊಮೇಟೊ, ಬ್ಯಾಡಗಿಗೆ ಮೆಣಸಿನಕಾಯಿ, ತಿಪಟೂರಿಗೆ ಕೊಬ್ಬರಿ ಇಂಥ ಗಾಡಿಗಳಲ್ಲಿ ಹೋಗುತ್ತವೆ. ರಾತ್ರಿಯೆಲ್ಲ ಗಾಡಿ ಓಡಿಸುವವನಿಗೆ ಜೊತೆಗೆ ಒಂದಿಷ್ಟು ಹಾಡು ಬೇಕು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕಂಪನಿಯಿಂದ ಬಂದ ಸ್ಟೀರಿಯೋದಲ್ಲಿ ಹಾಡಿನ ಮಾತು ಕೇಳಿಸುತ್ತದೆ, ಕೊಳಲು ಕೇಳಿಸುತ್ತದೆ. ಡೊಳ್ಳಿನ ಪೆಟ್ಟು ಮಾತ್ರ ಎದೆಗೆ ತಟ್ಟುವುದಿಲ್ಲ. ಆದುದರಿಂದ ನಮ್ಮ ಯುವಕರು ಸಬ್‌ವೂಫರ್ ಎಂಬ ಸ್ಪೀಕರ್ ಪೆಟ್ಟಿಗೆಯನ್ನು ಹೊಸದಾಗಿ ಕೂರಿಸಲು ಬಯಸುತ್ತಾರೆ.

ಇದು ಬಹಳ ಕಷ್ಟದ ಕೆಲಸವಲ್ಲ. ಆದರೆ ಅಡ್ಡಾದಿಡ್ಡಿಯಾಗಿ ಮಾಡಿದರೆ ಎರಡು ಕೇಡುಗಳಿವೆ. ಒಂದು, ಬ್ಯಾಟರಿ ಇಳಿದು ಬೆಳಗಿನ ಜಾವ ಮಂಡಿಗೆ ಹೊರಡುವ ಹೊತ್ತಿಗೆ ಗಾಡಿ ಸ್ಟಾರ್ಟ್ ಆಗದೆ ನಿಲ್ಲುತ್ತದೆ. ಇನ್ನೊಂದು, ವೈರು ಕಾದು ಗಾಡಿಗೇ ಬೆಂಕಿ ಹತ್ತಬಹುದು. ಗಾಡಿ ಸಾಲದಲ್ಲಿ ಕೊಂಡದ್ದು, ಮಾಲು ಆರು ತಿಂಗಳ ದುಡಿಮೆ. ಹಾಡಿನ ಆಸೆಗೆ ಇವೆರಡನ್ನೂ ಪಣಕ್ಕಿಡಬಾರದು. ಈ ಎರಡು ಕೇಡುಗಳನ್ನೂ ತಪ್ಪಿಸುವ ದಾರಿಯನ್ನು ಇಲ್ಲಿ ತಿಳಿಸಿದೆ. ಕೆಲಸವನ್ನು ನೀವೇ ಮಾಡದಿದ್ದರೂ ಚಿಂತೆಯಿಲ್ಲ. ಮೆಕ್ಯಾನಿಕ್ ಮಾಡುವಾಗ ಪಕ್ಕದಲ್ಲಿ ನಿಂತು ಸರಿಯೋ ತಪ್ಪೋ ಎಂದು ನೋಡುವಷ್ಟು ತಿಳಿವಳಿಕೆ ಇರಬೇಕು.

ತಗ್ಗು ಧ್ವನಿಗೆ ಬೇರೆ ಸ್ಪೀಕರ್ ಏಕೆ?

ಧ್ವನಿಯೆಂದರೆ ಗಾಳಿಯ ಅಲುಗಾಟ. ಸೆಕೆಂಡಿಗೆ 20 ಸಲದಿಂದ 20,000 ಸಲದವರೆಗಿನ ಅಲುಗಾಟ ಮನುಷ್ಯನ ಕಿವಿಗೆ ಕೇಳಿಸುತ್ತದೆ. ಈ ಎಣಿಕೆಗೆ ಹರ್ಟ್ಸ್ ಎನ್ನುತ್ತಾರೆ. ಡೊಳ್ಳಿನ ಗುಡುಗಿನಂಥ ತಗ್ಗು ಧ್ವನಿ ಸುಮಾರು 100 ಹರ್ಟ್ಸ್‌ಗಿಂತ ಕೆಳಗಿರುತ್ತದೆ. ಧ್ವನಿ ತಗ್ಗಿದಷ್ಟೂ ಹೆಚ್ಚು ಗಾಳಿಯನ್ನು ನೂಕಬೇಕು. ಹರ್ಟ್ಸ್ ಅರ್ಧಕ್ಕೆ ಇಳಿದರೆ, ಅಷ್ಟೇ ಗಟ್ಟಿಯಾಗಿ ಕೇಳಿಸಲು ಅದೇ ಸ್ಪೀಕರಿನ ಕೋನ್ ನಾಲ್ಕು ಪಟ್ಟು ದೂರ ಹಿಂದೆಮುಂದೆ ಆಡಬೇಕಾಗುತ್ತದೆ. ಬಾಗಿಲಿನಲ್ಲಿರುವ ಸಣ್ಣ ಸ್ಪೀಕರಿಗೆ ಅಷ್ಟು ಶಕ್ತಿಯಿಲ್ಲ. ಅದರಿಂದಲೇ ಗುಡುಗು ತೆಗೆಯಲು ಹೋಗಿ ವಾಲ್ಯೂಮ್ ಏರಿಸಿದರೆ ಸ್ಪೀಕರ್ ಗರಗರ ಎಂದು ಹರಿದುಹೋಗುತ್ತದೆ.

ಸಬ್‌ವೂಫರಿನ ಕೋನ್ ದೊಡ್ಡದು, ಅದಕ್ಕೆ ಗಟ್ಟಿ ಪೆಟ್ಟಿಗೆಯೂ ಬೇಕು. ಕೋನ್ ಮುಂದಕ್ಕೆ ಗಾಳಿಯನ್ನು ನೂಕಿದಾಗ ಹಿಂದಿನ ಗಾಳಿಯನ್ನು ಎಳೆಯುತ್ತದೆ. ಪೆಟ್ಟಿಗೆ ಇಲ್ಲದಿದ್ದರೆ ಇವೆರಡೂ ಒಂದನ್ನೊಂದು ಕಳೆದು ಧ್ವನಿ ಸಪ್ಪೆಯಾಗುತ್ತದೆ.

ವಿದ್ಯುತ್ತಿನ ಲೆಕ್ಕ

ಇಷ್ಟು ಗಾಳಿಯನ್ನು ನೂಕಲು ಸ್ಟೀರಿಯೋದ ಬಲ ಸಾಲದು. ಆಂಪ್ಲಿಫೈಯರ್ ಎಂಬ ಬೇರೊಂದು ಯಂತ್ರ ಬೇಕು. ಅದಕ್ಕೆ ನೇರವಾಗಿ ಬ್ಯಾಟರಿಯಿಂದಲೇ ವಿದ್ಯುತ್ತು ಕೊಡಬೇಕು. ಒಂದು ಲೆಕ್ಕ ನೋಡಿ. 150 ವ್ಯಾಟ್ ನಿಜವಾಗಿ ಕೊಡುವ ಆಂಪ್ಲಿಫೈಯರ್, ತಾನು ಬಿಸಿಯಾಗಿ ಕಳೆಯುವುದನ್ನೂ ಸೇರಿಸಿದರೆ, ಪೂರ್ತಿ ಜೋರಿನಲ್ಲಿ ಸುಮಾರು 190 ವ್ಯಾಟ್ ಎಳೆಯುತ್ತದೆ. ಅಂದರೆ ಬ್ಯಾಟರಿಯಿಂದ ಸುಮಾರು 15 ಆಂಪಿಯರ್. 55 ವ್ಯಾಟಿನ ಎರಡು ಹೆಡ್‌ಲೈಟುಗಳು ಕೂಡಿ ಎಳೆಯುವುದು ಸುಮಾರು 9 ಆಂಪಿಯರ್ ಮಾತ್ರ.

ಎಂಜಿನ್ ಓಡುತ್ತಿರುವಾಗ ಆಲ್ಟರ್ನೇಟರ್ ಈ ಖರ್ಚನ್ನು ತುಂಬಿಕೊಡುತ್ತದೆ. ಎಂಜಿನ್ ನಿಲ್ಲಿಸಿ ಹಾಡು ಹಾಕಿದರೆ ಖರ್ಚೆಲ್ಲ ಬ್ಯಾಟರಿಯ ಗಂಟಿನಿಂದಲೇ. ಹಾಡು ಒಂದೇ ಸಮನೆ ಪೂರ್ತಿ ಜೋರಿನಲ್ಲಿರುವುದಿಲ್ಲವಾದ್ದರಿಂದ ಸರಾಸರಿ 5 ಆಂಪಿಯರ್ ಎಂದು ಹಿಡಿಯಿರಿ. ಮಂಡಿಯಲ್ಲಿ ಸರದಿಗೆ ಕಾಯುತ್ತ ನಾಲ್ಕು ಗಂಟೆ ಹಾಡು ಹಾಕಿದರೆ 20 ಆಂಪಿಯರ್-ಗಂಟೆ ಹೋಯಿತು. 60 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಇದು ಮೂರನೇ ಒಂದು ಪಾಲು. ಹೊಸ ಬ್ಯಾಟರಿ ಇದನ್ನು ತಡೆದೀತು. ಮೂರು ವರ್ಷ ದುಡಿದ ಬ್ಯಾಟರಿ ತಡೆಯದು. ಸ್ಟಾರ್ಟರ್ ಮೋಟಾರು ನೂರಕ್ಕೂ ಹೆಚ್ಚು ಆಂಪಿಯರ್ ಕೇಳಿದಾಗ ಅದು ಕೈಚೆಲ್ಲುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತು ಬ್ಯಾಟರಿಗೂ ಸಲ್ಲುತ್ತದೆ.

ಯಾವುದನ್ನು ಕೊಳ್ಳಬೇಕು?

ಪಿಕಪ್ಪಿನ ಕ್ಯಾಬಿನ್ ಚಿಕ್ಕದು. ಅದಕ್ಕೆ ಸೀಟಿನ ಕೆಳಗೆ ಅಥವಾ ಹಿಂದೆ ಕೂರುವ ತೆಳು ಸಬ್‌ವೂಫರ್ ಸಾಕು. ಸ್ಪೀಕರ್, ಪೆಟ್ಟಿಗೆ, ಆಂಪ್ಲಿಫೈಯರ್ ಮೂರೂ ಒಂದರಲ್ಲೇ ಸೇರಿರುವ 8 ಇಂಚಿನವು ಅಂಗಡಿಗಳಲ್ಲಿ ಸಿಗುತ್ತವೆ. ಕೊಳ್ಳುವ ಮೊದಲು ಸೀಟನ್ನು ಪೂರ್ತಿ ಹಿಂದಕ್ಕೂ ಮುಂದಕ್ಕೂ ಸರಿಸಿ, ಕೆಳಗಿನ ಜಾಗದ ಉದ್ದ, ಅಗಲ, ಎತ್ತರಗಳನ್ನು ಟೇಪು ಹಿಡಿದು ಅಳೆದುಕೊಳ್ಳಿ. ಜಾಕ್ ಮತ್ತು ಪಾನಾಗಳ ಜಾಗವನ್ನು ಅದಕ್ಕೆ ಬಿಟ್ಟುಕೊಡಬೇಡಿ.

ಡಬ್ಬದ ಮೇಲೆ ದಪ್ಪಕ್ಷರದಲ್ಲಿ 1000 ವ್ಯಾಟ್ ಎಂದು ಬರೆದಿರುವುದುಂಟು. ಅದನ್ನು ನಂಬಬೇಡಿ. ಆರ್‌ಎಂಎಸ್ ಎಷ್ಟು ಎಂದು ಕೇಳಿ. ಅದೇ ನಿಜವಾದ ಬಲ. ಅಂಗಡಿಯವರಿಗೂ ಗೊತ್ತಿಲ್ಲದಿದ್ದರೆ ಆಂಪ್ಲಿಫೈಯರಿನ ಫ್ಯೂಸ್ ನೋಡಿ. 15 ಆಂಪಿಯರ್ ಫ್ಯೂಸ್ ಇದ್ದರೆ, 13 ವೋಲ್ಟಿನಿಂದ ಗುಣಿಸಿ: 195 ವ್ಯಾಟ್. ಒಳಗೆ ಹೋಗುವುದೇ ಅಷ್ಟಾದ ಮೇಲೆ ಹೊರಗೆ 1000 ಬರುವುದೆಲ್ಲಿಂದ? ಎರಡು ಸೇರು ಹಾಲು ಹಾಕಿ ಹತ್ತು ಸೇರು ಮೊಸರು ತೆಗೆಯಲಾಗದು.

ಕೂರಿಸುವ ಕ್ರಮ

1. ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿ. ಅದು ಗಾಡಿಯ ಮೈಗೆ ಸೇರಿರುತ್ತದೆ. ಅದನ್ನು ಬಿಚ್ಚದೆ ಪಾಸಿಟಿವ್‌ಗೆ ಪಾನಾ ಹಾಕಿದಾಗ, ಪಾನಾ ಗಾಡಿಯ ಕಬ್ಬಿಣಕ್ಕೆ ತಗುಲಿದರೆ ದೊಡ್ಡ ಕಿಡಿ ಹಾರುತ್ತದೆ. ಕೆಲಸ ಮುಗಿದ ಮೇಲೆ ಕೊನೆಗೆ ಹಾಕಬೇಕಾದದ್ದೂ ಇದೇ ತಂತಿ.

2. ಪಾಸಿಟಿವ್ ವೈರು ದಪ್ಪನಾಗಿರಲಿ. ಮುಕ್ಕಾಲು ಇಂಚಿನ ಪೈಪಿನಲ್ಲಿ ಎರಡು ಇಂಚಿನ ಪೈಪಿನ ನೀರು ಹರಿಯದೆಂಬುದು ನಿಮಗೆ ಗೊತ್ತೇ ಇದೆ. ನಾಲ್ಕು ಮೀಟರ್ ಉದ್ದದ 1 ಚದರ ಮಿಲಿಮೀಟರ್ ತಾಮ್ರದ ವೈರಿನಲ್ಲಿ 15 ಆಂಪಿಯರ್ ಹರಿದರೆ ದಾರಿಯಲ್ಲೇ ಒಂದು ವೋಲ್ಟ್ ಸೋರಿಹೋಗುತ್ತದೆ, ವೈರೂ ಬಿಸಿಯಾಗುತ್ತದೆ. 6 ಚದರ ಮಿಲಿಮೀಟರ್ ವೈರಿನಲ್ಲಿ ಈ ನಷ್ಟ ಆರನೇ ಒಂದು ಪಾಲಾಗುತ್ತದೆ. 15 ಆಂಪಿಯರಿನ ಕೆಲಸಕ್ಕೆ ಇದೇ ತಕ್ಕದ್ದು. ವೈರು ಅಪ್ಪಟ ತಾಮ್ರದ್ದೇ ಎಂದು ನೋಡಿಕೊಳ್ಳಿ. ಅಲ್ಯೂಮಿನಿಯಮ್ಮಿಗೆ ತಾಮ್ರದ ಲೇಪ ಕೊಟ್ಟವೂ ಮಾರಾಟಕ್ಕಿವೆ. ಒಂದು ಎಳೆಯನ್ನು ಬ್ಲೇಡಿನಿಂದ ಹೆರೆದರೆ ಒಳಗೆ ಬಿಳಿ ಕಂಡೀತು, ಅಂಥದ್ದನ್ನು ಬಿಡಿ.

3. ಬ್ಯಾಟರಿಯ ಹತ್ತಿರವೇ ಫ್ಯೂಸ್ ಹಾಕಿ. ಈ ಲೇಖನದಲ್ಲಿ ಒಂದೇ ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ. ಬ್ಯಾಟರಿಯಿಂದ ಹೊರಟ ವೈರಿಗೆ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲೇಬೇಕು. ಆಂಪ್ಲಿಫೈಯರಿನಲ್ಲಿ ಫ್ಯೂಸ್ ಇದೆಯಲ್ಲ ಎಂದು ಕೆಲವರು ಇದನ್ನು ಬಿಡುತ್ತಾರೆ. ಅದು ಆಂಪ್ಲಿಫೈಯರನ್ನು ಕಾಯುತ್ತದೆ. ನಡುವಿನ ವೈರನ್ನು ಕಾಯುವುದಿಲ್ಲ. ನಮ್ಮ ಕಚ್ಚಾ ರಸ್ತೆಗಳಲ್ಲಿ ಗಾಡಿ ಕುಲುಕಿ ಕುಲುಕಿ ವೈರಿನ ಹೊದಿಕೆ ಸವೆದು ಕಬ್ಬಿಣಕ್ಕೆ ತಗುಲಿದರೆ, ಬ್ಯಾಟರಿಯ ಶಕ್ತಿಯೆಲ್ಲ ಒಮ್ಮೆಗೇ ಅಲ್ಲಿ ಹರಿಯುತ್ತದೆ. ಫ್ಯೂಸ್ ಇದ್ದರೆ ಅದು ಸುಟ್ಟು ಗಾಡಿ ಉಳಿಯುತ್ತದೆ. ಇಲ್ಲದಿದ್ದರೆ ವೈರು ಸುಟ್ಟು ಗಾಡಿಯನ್ನೂ ಸುಡುತ್ತದೆ. ಫ್ಯೂಸಿನ ಅಳತೆ ಯಂತ್ರದ ಜೊತೆಗಿನ ಪುಸ್ತಕದಲ್ಲಿ ಹೇಳಿದಷ್ಟಿರಲಿ. ಪಂಪ್‌ಸೆಟ್ಟಿನ ಫ್ಯೂಸ್ ಹೋದಾಗ ಕೈಗೆ ಸಿಕ್ಕ ತಂತಿಯನ್ನು ಸುತ್ತುವ ರೂಢಿ ಕೆಲವರಲ್ಲಿದೆ. ಅದು ಅಲ್ಲಿಯೂ ತಪ್ಪು, ಇಲ್ಲಿಯೂ ತಪ್ಪು.

4. ವೈರು ಹಾಯುವ ದಾರಿ ನೋಡಿ. ಎಂಜಿನ್ ಕಡೆಯಿಂದ ಕ್ಯಾಬಿನ್ನಿಗೆ ಬರುವ ತೂತಿನಲ್ಲಿ ರಬ್ಬರ್ ಬುಶ್ ಇರಬೇಕು. ತಗಡಿನ ಅಂಚು ಕತ್ತಿಯಂತೆ ಕೊಯ್ಯುತ್ತದೆ. ಸೈಲೆನ್ಸರ್ ಪೈಪು, ಡೀಸೆಲ್ ಅಥವಾ ಗ್ಯಾಸಿನ ಪೈಪುಗಳಿಂದ ವೈರು ದೂರವಿರಲಿ. ಹಿಂದೆ ಏನಿದೆಯೆಂದು ನೋಡದೆ ಎಲ್ಲಿಯೂ ಡ್ರಿಲ್ ಹಾಕಬೇಡಿ.

5. ಅರ್ತ್ ವೈರನ್ನು ಪೆಟ್ಟಿಗೆಯ ಹತ್ತಿರವೇ ಗಾಡಿಯ ಮೈಗೆ ಕೊಡಿ. ಪಾಸಿಟಿವ್ ವೈರಿನಷ್ಟೇ ದಪ್ಪವಿರಲಿ. ಬಣ್ಣವನ್ನು ಹೆರೆದು, ಹೊಳೆಯುವ ಕಬ್ಬಿಣ ಕಂಡ ಮೇಲೆ ಬೋಲ್ಟಿನಿಂದ ಬಿಗಿಯಿರಿ. ತುಕ್ಕು ಹಿಡಿಯದಂತೆ ಮೇಲೆ ಗ್ರೀಸ್ ಸವರಿ.

6. ಹಾಡಿನ ಸಂಕೇತವನ್ನು ಕಂಪನಿಯ ಸ್ಟೀರಿಯೋದಿಂದಲೇ ಪಡೆಯಬಹುದು. ಸ್ಟೀರಿಯೋ ಬದಲಿಸಬೇಕಾಗಿಲ್ಲ. ಸ್ಪೀಕರ್ ವೈರನ್ನೇ ನೇರವಾಗಿ ತೆಗೆದುಕೊಳ್ಳುವ ಹೈ ಲೆವೆಲ್ ಇನ್‌ಪುಟ್ ಸಬ್‌ವೂಫರಿನಲ್ಲಿ ಇದೆಯೇ ಎಂದು ಕೊಳ್ಳುವಾಗಲೇ ಕೇಳಿ. ಇಲ್ಲದಿದ್ದರೆ ಲೈನ್ ಕನ್ವರ್ಟರ್ ಎಂಬ ಸಣ್ಣ ಡಬ್ಬಿ ನಡುವೆ ಬೇಕಾಗುತ್ತದೆ. ಕಂಪನಿಯ ವೈರುಗಳನ್ನು ಕತ್ತರಿಸದೆ, ಹೊಂದುವ ಸಾಕೆಟ್ ತಂದು ಜೋಡಿಸುವುದು ಮೇಲು. ವೈರು ಕತ್ತರಿಸಿದ್ದನ್ನು ಕಂಡರೆ ವಾರಂಟಿಗೆ ತಕರಾರು ಬರಬಹುದು. ಸ್ಪೀಕರಿನ ನೆಗೆಟಿವ್ ವೈರನ್ನು ಎಂದಿಗೂ ಗಾಡಿಯ ಮೈಗೆ ತಾಗಿಸಬೇಡಿ, ಸ್ಟೀರಿಯೋ ಕೆಟ್ಟುಹೋಗುತ್ತದೆ. ಸಂಕೇತದ ವೈರು ಒಂದು ಬದಿಗೆ, ಬ್ಯಾಟರಿಯ ವೈರು ಇನ್ನೊಂದು ಬದಿಗೆ ಹೋಗಲಿ. ಎರಡೂ ಜೊತೆಯಾಗಿ ಹೋದರೆ, ಎಂಜಿನ್ ಏರಿದಂತೆ ಸ್ಪೀಕರಿನಲ್ಲಿ ಕುಂಯ್ ಎಂಬ ಸದ್ದು ಬರುವುದುಂಟು.

7. ರಿಮೋಟ್ ಎಂಬ ತೆಳು ವೈರನ್ನು ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ತು ಬರುವ ಕಡೆಗೆ ಕೊಡಿ. ನೇರ ಬ್ಯಾಟರಿಗೆ ಕೊಟ್ಟರೆ ಕೀಲಿ ತೆಗೆದರೂ ಯಂತ್ರ ಎಚ್ಚರವಾಗಿಯೇ ಇದ್ದು, ಹಗಲೂ ರಾತ್ರಿ ಬ್ಯಾಟರಿಯನ್ನು ಹೀರುತ್ತದೆ.

8. ಪೆಟ್ಟಿಗೆಯನ್ನು ಪಟ್ಟಿ, ಬೋಲ್ಟುಗಳಿಂದ ಭದ್ರವಾಗಿ ಬಿಗಿಯಿರಿ. ಬ್ರೇಕ್ ಹಾಕಿದಾಗ ಅದು ಪೆಡಲುಗಳ ಕಡೆಗೆ ಜಾರಬಾರದು.

ಹದ ಮಾಡುವುದು

ಮೊದಲು ಗೇನ್ ತಿರುಪನ್ನು ಪೂರ್ತಿ ಇಳಿಸಿ, ಬೇಸ್ ಬೂಸ್ಟ್ ನಿಲ್ಲಿಸಿ, ಲೋ ಪಾಸ್ ತಿರುಪನ್ನು 80 ಹರ್ಟ್ಸ್ ಹತ್ತಿರ ಇಡಿ. ಪರಿಚಯದ ಹಾಡೊಂದನ್ನು ಹಾಕಿ, ಧ್ವನಿ ಒಡೆಯದಂತೆ ಸ್ಟೀರಿಯೋವನ್ನು ಮುಕ್ಕಾಲು ಭಾಗ ಏರಿಸಿ. ಆಮೇಲೆ ಗೇನನ್ನು ನಿಧಾನವಾಗಿ ಏರಿಸುತ್ತ ಹೋಗಿ. ಗುಡುಗು ಸೀಟಿನ ಕೆಳಗಿನಿಂದ ಬರುತ್ತಿದೆ ಎನಿಸದೆ ಹಾಡಿನೊಳಗೇ ಬೆರೆತ ಕಡೆ ನಿಲ್ಲಿಸಿ. ಫೇಸ್ ಗುಂಡಿಯನ್ನು ಎರಡೂ ಕಡೆಗೆ ಒತ್ತಿ ನೋಡಿ, ಗುಡುಗು ತುಂಬಿ ಕೇಳುವ ಕಡೆ ಬಿಡಿ. ಅರ್ಧ ಗಂಟೆ ಓಡಿಸಿದ ಮೇಲೆ ವೈರನ್ನೂ ಫ್ಯೂಸಿನ ಹಿಡಿಕೆಯನ್ನೂ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ಎಲ್ಲೋ ಜೋಡಣೆ ಸಡಿಲವಾಗಿದೆ, ಇಲ್ಲವೇ ವೈರು ತೆಳುವಾಗಿದೆ. ಅದನ್ನು ಸರಿಪಡಿಸದೆ ಮುಂದೆ ಓಡಿಸಬೇಡಿ.

ಕಿವಿಗೂ ನೆರೆಯವರಿಗೂ ಹಿತವಾಗಿರಲಿ

85 ಡೆಸಿಬೆಲ್ ಧ್ವನಿಯಲ್ಲಿ ದಿನಕ್ಕೆ 8 ಗಂಟೆ ಮೀರಬಾರದೆಂದು ತಿಳಿದವರು ಹೇಳುತ್ತಾರೆ. ಪ್ರತಿ 3 ಡೆಸಿಬೆಲ್ ಏರಿದಂತೆ ಈ ಹೊತ್ತು ಅರ್ಧವಾಗುತ್ತ ಬಂದು, 100 ಡೆಸಿಬೆಲ್‌ಗೆ ಕಾಲು ಗಂಟೆಗೆ ಇಳಿಯುತ್ತದೆ. ಕೆಟ್ಟ ಕಿವಿ ಮತ್ತೆ ಮೊದಲಿನಂತಾಗುವುದಿಲ್ಲ. ಹಿಂದಿನ ಗಾಡಿಯ ಹಾರನ್, ಆಂಬುಲೆನ್ಸಿನ ಸದ್ದು ಕೇಳದಷ್ಟು ಜೋರು ಹಾಡು ಅಪಾಯಕ್ಕೆ ದಾರಿ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳಂತೆ ಜನವಸತಿಯಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6 ಗಂಟೆಯನ್ನು ರಾತ್ರಿಯೆಂದು ಎಣಿಸುತ್ತಾರೆ. ಬೀದಿಯಲ್ಲಿ ಬಾಗಿಲು ತೆರೆದಿಟ್ಟು ಹಾಡು ಹಾಕುವ ಮುನ್ನ, ಮಲಗಿದ ಮಗುವನ್ನೂ ಪರೀಕ್ಷೆಗೆ ಓದುವ ಹುಡುಗಿಯನ್ನೂ ನೆನೆಯಿರಿ.

ನೆನಪಿಡಬೇಕಾದ ಮಾತುಗಳು

ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್. ಅಪ್ಪಟ ತಾಮ್ರದ ದಪ್ಪ ವೈರು. ತಗಡಿನ ತೂತಿಗೆ ರಬ್ಬರ್. ಬಣ್ಣ ಹೆರೆದ ಕಬ್ಬಿಣಕ್ಕೆ ಅರ್ತ್. ಎಂಜಿನ್ ನಿಂತಾಗ ಹಾಡೂ ನಿಲ್ಲಲಿ.

ಈಗಾಗಲೇ ಸಬ್‌ವೂಫರ್ ಕೂರಿಸಿಕೊಂಡವರು ಇಂದೇ ಬಾನೆಟ್ ಎತ್ತಿ ಬ್ಯಾಟರಿಯ ಪಾಸಿಟಿವ್ ವೈರನ್ನು ನೋಡಿ. ಅಲ್ಲಿ ಫ್ಯೂಸ್ ಕಾಣದಿದ್ದರೆ ಆ ವೈರನ್ನು ಬಿಚ್ಚಿಸಿಡಿ. ಫ್ಯೂಸ್ ಹಾಕಿಸಿದ ಮೇಲೆ ಮತ್ತೆ ಜೋಡಿಸಿ. ಎರಡು ದಿನ ಹಾಡಿಲ್ಲದೆ ಗಾಡಿ ಓಡಿಸಿದರೆ ನಷ್ಟವೇನೂ ಇಲ್ಲ. ಗಾಡಿ ನೆಟ್ಟಗಿದ್ದರೆ ಹಾಡಿಗೆ ಇನ್ನೂ ಬೇಕಾದಷ್ಟು ರಾತ್ರಿಗಳಿವೆ.