ಪಾಠದ ಪುಟಕ್ಕೂ ಗ್ರಂಥಾಲಯಕ್ಕೂ ನಡುವೆ ಒಂದು ಕೊಂಡಿ

ಬೆಂಗಳೂರು: ರಾತ್ರಿ ಹತ್ತು ಗಂಟೆ. ಚಂದ್ರಾ ಲೇಔಟ್‌ನ ಬಾಡಿಗೆ ಕೋಣೆಯೊಂದರಲ್ಲಿ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು ಮೊಬೈಲ್ ಹಿಡಿದು ಕುಳಿತಿದ್ದಾಳೆ ಎಂದು ಭಾವಿಸೋಣ. ಹಗಲು ತರಗತಿ, ಸಂಜೆ ಅಂಗಡಿಯೊಂದರಲ್ಲಿ ಕೆಲಸ. ಓದಿಗೆ ಉಳಿಯುವುದು ಈ ಹೊತ್ತು ಮಾತ್ರ. ನಾಳೆಯ ಸೆಮಿನಾರಿಗೆ ಓದಬೇಕಾದ ಲೇಖನದ ಕೊಂಡಿಯನ್ನು ಅಧ್ಯಾಪಕರು ಆನ್‌ಲೈನ್ ಪಾಠದ ಪುಟದಲ್ಲಿ ಹಾಕಿದ್ದಾರೆ. ಅದನ್ನು ಒತ್ತಿದರೆ ತೆರೆದುಕೊಳ್ಳುವುದು ಲೇಖನವಲ್ಲ, ಡಾಲರ್ ಲೆಕ್ಕದಲ್ಲಿ ಹಣ ಕೇಳುವ ಪುಟ!

ಸೋಜಿಗವೆಂದರೆ, ಆ ಲೇಖನದ ಚಂದಾ ಈಗಾಗಲೇ ಸಂದಾಯವಾಗಿರುವ ಸಾಧ್ಯತೆಯೇ ಹೆಚ್ಚು. ಗ್ರಂಥಾಲಯದಲ್ಲಿ ಲೇಖನವಿದೆ, ಪಾಠದ ಪುಟದಲ್ಲಿ ಅದರ ಹೆಸರಿದೆ, ಓದುವ ಆಸೆಯೂ ಇದೆ. ಇಲ್ಲದಿರುವುದು ಇವೆರಡನ್ನೂ ಸರಿಯಾಗಿ ಬೆಸೆಯುವ ಕೊಂಡಿ ಮಾತ್ರ.

ಗ್ರಂಥಾಲಯಗಳ ನೆರೆಯಲ್ಲೇ...

ನಗರದ ಪಶ್ಚಿಮ ಭಾಗಕ್ಕೆ ಗ್ರಂಥಾಲಯಗಳ ಕೊರತೆಯಿಲ್ಲ. ಚಂದ್ರಾ ಲೇಔಟ್‌ಗೆ ಸಮೀಪದ ಅತ್ತಿಗುಪ್ಪೆ ನಿಲ್ದಾಣದಲ್ಲಿ ಮೆಟ್ರೊ ಏರಿ ಕೆಂಗೇರಿಯತ್ತ ಸಾಗಿದರೆ ಐದನೆಯ ನಿಲ್ದಾಣವೇ ಜ್ಞಾನಭಾರತಿ. 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾಲಯದ ಆವರಣ ಅಲ್ಲಿದೆ. ನಾಗರಬಾವಿಯಲ್ಲಿ ರಾಷ್ಟ್ರೀಯ ಕಾನೂನು ಶಾಲೆ ಹಾಗೂ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಗಳಿವೆ. ಮೈಸೂರು ರಸ್ತೆಯ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆವರಣದಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವಿದೆ.

ಈ ಕೇಂದ್ರವನ್ನು 1962ರಲ್ಲಿ ಆರಂಭಿಸಿದವರು ಭಾರತೀಯ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್. ಗ್ರಂಥಾಲಯಗಳಿಗೆ ಅವರು 1931ರಲ್ಲಿ ಐದು ಸೂತ್ರಗಳನ್ನು ಹಾಕಿಕೊಟ್ಟರು. ಅವುಗಳಲ್ಲಿ ನಾಲ್ಕನೆಯದು ಓದುಗನ ಸಮಯ ಉಳಿಸುವುದಕ್ಕೆ ಸಂಬಂಧಿಸಿದ್ದು. ಆ ಸೂತ್ರ ಅಂದು ಕಪಾಟುಗಳಿಗೆ ಅನ್ವಯಿಸುತ್ತಿತ್ತು. ಇಂದು ಪರೀಕ್ಷೆಗೆ ಒಳಗಾಗಿರುವುದು ಪಾಠದ ಪುಟದಲ್ಲಿ.

ಹಣ ತೆರುವವರು ಯಾರು?

ಆನ್‌ಲೈನ್ ಪಾಠದ ಪುಟ ಹೊಸದೇನಲ್ಲ. ಅದಕ್ಕೆಂದೇ ರೂಪಿಸಿದ ಉಚಿತ ತಂತ್ರಾಂಶ ಮೂಡಲ್ 2002ರಲ್ಲೇ ಬಂದಿತ್ತು. ಆದರೆ 2020ರ ಮಾರ್ಚ್‌ನ ಲಾಕ್‌ಡೌನ್ ನಂತರವಷ್ಟೇ ನಮ್ಮ ಬಹುತೇಕ ಕಾಲೇಜುಗಳು ಅತ್ತ ಹೊರಳಿದವು. 2021ರಲ್ಲಿ ರಾಜ್ಯದ ಉನ್ನತ ಶಿಕ್ಷಣ ಇಲಾಖೆಯೇ ಸರ್ಕಾರಿ ಕಾಲೇಜುಗಳಿಗಾಗಿ ಕಲಿಕಾ ನಿರ್ವಹಣಾ ವ್ಯವಸ್ಥೆಯೊಂದನ್ನು ಆರಂಭಿಸಿತು.

ಇತ್ತ ಗ್ರಂಥಾಲಯಗಳ ಹಾದಿಯೇ ಬೇರೆ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು ವಿಶ್ವವಿದ್ಯಾಲಯಗಳಿಗೆ ವಿದ್ಯುನ್ಮಾನ ನಿಯತಕಾಲಿಕೆಗಳನ್ನು ಒದಗಿಸುತ್ತ ಬಂದಿತು. 2010ರಲ್ಲಿ ಆರಂಭಿಸಿದ ಎನ್-ಲಿಸ್ಟ್ ಯೋಜನೆಯ ಮೂಲಕ ಕಾಲೇಜುಗಳಿಗೂ ಬಾಗಿಲು ತೆರೆಯಿತು. 2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟ ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ ಒಪ್ಪಿಗೆ ನೀಡಿತು. 2025ರಿಂದ 2027ರವರೆಗಿನ ಮೂರು ವರ್ಷಗಳಿಗೆ ಮೀಸಲಿಟ್ಟ ಹಣ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು, 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳು, ಸುಮಾರು 1.8 ಕೋಟಿ ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಸಂಶೋಧಕರು ಇದರ ವ್ಯಾಪ್ತಿಗೆ ಬರುತ್ತಾರೆ ಎಂಬುದು ಸರ್ಕಾರದ ಲೆಕ್ಕ.

ಹೀಗೆ ಪಾಠದ ಪುಟವೂ ಬಂತು, ಚಂದಾ ಹಣವೂ ಬಂತು. ಆದರೆ ಅನೇಕ ಕಡೆ ಒಂದನ್ನು ನೋಡಿಕೊಳ್ಳುವುದು ಬೋಧನಾ ವಿಭಾಗ, ಇನ್ನೊಂದನ್ನು ಗ್ರಂಥಾಲಯ. ಇವೆರಡೂ ಪರಸ್ಪರ ಮಾತನಾಡದಿದ್ದರೆ ನಡುವೆ ಸಿಲುಕುವುದು ವಿದ್ಯಾರ್ಥಿ.

ಬಾಗಿಲು ಮುಚ್ಚುವುದೇಕೆ?

ಪ್ರಕಾಶಕರ ಜಾಲತಾಣಗಳು ಸಾಮಾನ್ಯವಾಗಿ ಓದುಗರನ್ನು ಗುರುತಿಸುವುದು ಗಣಕದ ಅಂತರ್ಜಾಲ ವಿಳಾಸದಿಂದ. ವಿಶ್ವವಿದ್ಯಾಲಯದ ಆವರಣದೊಳಗಿನ ಜಾಲದಿಂದ ಬಂದವರಿಗೆ ತಾನಾಗಿಯೇ ಪ್ರವೇಶ ಸಿಗುತ್ತದೆ. ಅದೇ ವಿದ್ಯಾರ್ಥಿ ಮನೆಯಲ್ಲಿ ಮೊಬೈಲ್ ಜಾಲದಿಂದ ಬಂದರೆ ಆ ತಾಣಕ್ಕೆ ಆಕೆ ಅಪರಿಚಿತೆ. ಅಧ್ಯಾಪಕರು ಆವರಣದಲ್ಲಿ ಕುಳಿತು ಪರೀಕ್ಷಿಸಿದಾಗ ಸಲೀಸಾಗಿ ತೆರೆದ ಕೊಂಡಿ, ರಾತ್ರಿ ಕೋಣೆಯಲ್ಲಿ ಮುಚ್ಚಿಕೊಳ್ಳುವುದು ಈ ಕಾರಣಕ್ಕೆ.

ಪರಿಹಾರವೂ ಇದೆ. ಇನ್‌ಫ್ಲಿಬ್‌ನೆಟ್ ನಡೆಸುವ ‘ಇನ್‌ಫೆಡ್’ ವ್ಯವಸ್ಥೆಗೆ ಸೇರಿದ ಸಂಸ್ಥೆಗಳ ವಿದ್ಯಾರ್ಥಿಗಳು ತಮ್ಮ ಸಂಸ್ಥೆ ಕೊಟ್ಟ ಬಳಕೆದಾರ ಹೆಸರು ಮತ್ತು ಗುಪ್ತಪದದಿಂದ ಎಲ್ಲಿಂದ ಬೇಕಾದರೂ ಒಳಹೋಗಬಹುದು. ಕೆಲವು ಸಂಸ್ಥೆಗಳು ಪ್ರಾಕ್ಸಿ ಎಂಬ ಮಧ್ಯವರ್ತಿ ಗಣಕವನ್ನು ಬಳಸುತ್ತವೆ. ಅದರ ಮೂಲಕ ಹಾದು ಬಂದ ಓದುಗನನ್ನು ಪ್ರಕಾಶಕರ ತಾಣ ಆವರಣದೊಳಗಿನವನೆಂದೇ ಪರಿಗಣಿಸುತ್ತದೆ. ಪಾಠದ ಪುಟದಲ್ಲಿ ಹಾಕುವ ಕೊಂಡಿಯು ಈ ಬಾಗಿಲಿನ ಮೂಲಕವೇ ಹಾದುಹೋಗುವಂತೆ ಇರಬೇಕು ಎಂಬುದೇ ಇಡೀ ವಿಷಯದ ತಿರುಳು.

ಕೊಂಡಿಯಲ್ಲೂ ಎರಡು ಬಗೆ

ಎಲ್ಲ ಕೊಂಡಿಗಳೂ ಒಂದೇ ಅಲ್ಲ. ಹುಡುಕಾಟ ನಡೆಸಿದಾಗ ಬ್ರೌಸರ್‌ನ ಮೇಲ್ಭಾಗದಲ್ಲಿ ಕಾಣುವ ಉದ್ದನೆಯ ವಿಳಾಸ ಅನೇಕ ವೇಳೆ ಆ ಹೊತ್ತಿಗಷ್ಟೇ ಸೀಮಿತ. ಮರುದಿನ ಅದು ಕೆಲಸ ಮಾಡದಿರಬಹುದು. ಪಾಠದ ಪುಟಕ್ಕೆ ಬೇಕಾದುದು ಶಾಶ್ವತ ಕೊಂಡಿ. ಸಂಶೋಧನಾ ಲೇಖನಗಳಿಗೆ ‘ಡಿಒಐ’ ಎಂಬ ಗುರುತು ಸಂಖ್ಯೆ ಇರುತ್ತದೆ. ಅದು ಯಾವಾಗಲೂ 10 ಎಂಬ ಅಂಕೆಯಿಂದ ಆರಂಭವಾಗುತ್ತದೆ. ಪ್ರಕಾಶಕರು ತಾಣದ ವಿಳಾಸ ಬದಲಿಸಿದರೂ ಈ ಸಂಖ್ಯೆ ಬದಲಾಗದು. ಅದಕ್ಕೆ ಗ್ರಂಥಾಲಯದ ಪ್ರಾಕ್ಸಿ ವಿಳಾಸವನ್ನು ಮುಂದೆ ಸೇರಿಸಿದರೆ ಕೊಂಡಿ ಸಿದ್ಧ. ಇಷ್ಟಕ್ಕೆ ಹಿಡಿಯುವ ಸಮಯ ಕೆಲವೇ ನಿಮಿಷ.

ಇಷ್ಟೆಲ್ಲ ಏಕೆ, ಲೇಖನವನ್ನೇ ಪಿಡಿಎಫ್ ರೂಪದಲ್ಲಿ ಪುಟಕ್ಕೆ ಏರಿಸಿದರಾಗದೇ ಎಂದು ಕೇಳುವವರುಂಟು. ಇಲ್ಲಿ ಕಾನೂನಿನ ಪ್ರಶ್ನೆ ಏಳುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು, ಬೋಧನೆಯ ಸಂದರ್ಭದಲ್ಲಿ ಅಧ್ಯಾಪಕರು ಹಾಗೂ ವಿದ್ಯಾರ್ಥಿಗಳು ಕೃತಿಯ ಪ್ರತಿ ಮಾಡಿಕೊಳ್ಳಲು ವಿನಾಯಿತಿ ನೀಡಿದೆ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯೊಂದರ ವಿರುದ್ಧ ಪ್ರಕಾಶಕರು ಹೂಡಿದ್ದ ಮೊಕದ್ದಮೆಯನ್ನು ದೆಹಲಿ ಹೈಕೋರ್ಟ್‌ನ ಏಕಸದಸ್ಯ ಪೀಠ 2016ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿದ್ದು ಈ ಕಲಮನ್ನು ಆಧರಿಸಿಯೇ. ಅದೇ ಡಿಸೆಂಬರ್‌ನಲ್ಲಿ ವಿಭಾಗೀಯ ಪೀಠ ಕೆಲವು ಅಂಶಗಳ ವಿಚಾರಣೆಗೆ ಸೂಚಿಸಿದರೂ 2017ರಲ್ಲಿ ಪ್ರಕಾಶಕರು ಮೊಕದ್ದಮೆಯನ್ನು ಹಿಂಪಡೆದರು. ಆದರೆ ಅದು ಕಾಗದದ ಪ್ರತಿಗಳ ಪ್ರಕರಣ. ವಿದ್ಯುನ್ಮಾನ ನಿಯತಕಾಲಿಕೆಗಳಿಗೆ ಪ್ರಕಾಶಕರೊಡನೆ ಮಾಡಿಕೊಂಡ ಒಪ್ಪಂದದ ಷರತ್ತುಗಳೂ ಇರುತ್ತವೆ. ಕೊಂಡಿ ಕೊಟ್ಟಲ್ಲಿ ಪ್ರತಿ ಮಾಡುವ ಪ್ರಶ್ನೆಯೇ ಬಾರದು. ಜೊತೆಗೆ, ಯಾವ ನಿಯತಕಾಲಿಕೆಯನ್ನು ಎಷ್ಟು ಜನ ಓದಿದರೆಂಬ ಲೆಕ್ಕವೂ ಗ್ರಂಥಾಲಯಕ್ಕೆ ಸಿಗುತ್ತದೆ. ಮುಂದಿನ ಚಂದಾ ನಿರ್ಧರಿಸುವಾಗ ಈ ಲೆಕ್ಕ ಉಪಯುಕ್ತ.

ಕನ್ನಡದ ಪಾಡೇನು?

ಚಂದಾ ಕೊಟ್ಟು ತರಿಸುವ ನಿಯತಕಾಲಿಕೆಗಳಲ್ಲಿ ಬಹುಪಾಲು ಇಂಗ್ಲಿಷಿನವು. ಕನ್ನಡ ಮಾಧ್ಯಮದಲ್ಲಿ ಓದುವವರಿಗೆ ಅವು ದೊರೆತರೂ ದಕ್ಕುವುದು ಕಷ್ಟ. ಇಲ್ಲಿ ಉಚಿತ ಸಂಗ್ರಹಗಳು ನೆರವಿಗೆ ಬರುತ್ತವೆ. ಇನ್‌ಫ್ಲಿಬ್‌ನೆಟ್‌ನ ‘ಶೋಧಗಂಗಾ’ದಲ್ಲಿ ದೇಶದ ಪಿಎಚ್.ಡಿ. ಪ್ರಬಂಧಗಳು ಯಾರಿಗೂ ಮುಕ್ತ. ಕನ್ನಡದಲ್ಲೇ ಬರೆದ ಪ್ರಬಂಧಗಳೂ ಅಲ್ಲಿವೆ. ಐಐಟಿ ಖರಗ್‌ಪುರ ರೂಪಿಸಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ 2018ರ ಜೂನ್ 19ರಂದು ಲೋಕಾರ್ಪಣೆಗೊಂಡಿತು. ಭಾರತೀಯ ವಿಜ್ಞಾನ ಸಂಸ್ಥೆ ಪಾಲ್ಗೊಂಡಿದ್ದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಹಳೆಯ ಕನ್ನಡ ಗ್ರಂಥಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ದೊರೆಯುತ್ತವೆ.

ಭಾರತದಲ್ಲಿ ಲೇಖಕರು ತೀರಿಕೊಂಡ 60 ವರ್ಷಗಳ ನಂತರ ಕೃತಿಗಳು ಸಾರ್ವಜನಿಕ ಸ್ವತ್ತಾಗುತ್ತವೆ. 1946ರಲ್ಲಿ ನಿಧನರಾದ ಬಿ.ಎಂ. ಶ್ರೀಕಂಠಯ್ಯ ಮತ್ತು ಟಿ.ಪಿ. ಕೈಲಾಸಂ ಅವರು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಕೃತಿಗಳನ್ನು ಪಾಠದ ಪುಟದಲ್ಲಿ ಪೂರ್ಣವಾಗಿ ಇಟ್ಟರೂ ಯಾರ ಅನುಮತಿಯೂ ಬೇಕಿಲ್ಲ. ಆದರೆ ಹೀಗೆ ಚದುರಿಹೋಗಿರುವುದನ್ನು ಆಯ್ದು, ಪಠ್ಯಕ್ರಮದ ಘಟಕಕ್ಕೆ ತಕ್ಕಂತೆ ಜೋಡಿಸುವ ಕೆಲಸ ಯಂತ್ರದಿಂದಷ್ಟೇ ಆಗದು. ಅದಕ್ಕೆ ಗ್ರಂಥಪಾಲಕರು ಬೇಕು. ಪಾಠದ ಪುಟ ರೂಪಿಸುವಾಗಲೇ ಅಧ್ಯಾಪಕರ ಜೊತೆ ಅವರಿಗೂ ಒಂದು ಸ್ಥಾನ ಕೊಡುವುದು ಒಳ್ಳೆಯ ಪದ್ಧತಿ.

ವಿದ್ಯಾರ್ಥಿಗಳು ಏನು ಮಾಡಬಹುದು?

ಮೊದಲನೆಯದಾಗಿ, ಮನೆಯಿಂದ ಪ್ರವೇಶಿಸುವ ಸೌಲಭ್ಯವಿದೆಯೇ ಎಂದು ಗ್ರಂಥಪಾಲಕರನ್ನು ಕೇಳಿ ಬಳಕೆದಾರ ಹೆಸರು ಪಡೆಯಬೇಕು. ಎರಡನೆಯದಾಗಿ, ಹಣ ಕೇಳುವ ಪುಟ ಎದುರಾದರೆ ಹಣ ಕೊಡದೆ, ಆ ಕೊಂಡಿಯನ್ನು ಗ್ರಂಥಾಲಯದ ಗಮನಕ್ಕೆ ತರಬೇಕು. ಮೂರನೆಯದಾಗಿ, ಖಾಸಗಿ ಕಾಲೇಜಿನವರು ಒಂದು ಸಂಗತಿ ನೆನಪಿಡಬೇಕು. ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆ ಮಂಜೂರಾದದ್ದು ಸರ್ಕಾರಿ ಸಂಸ್ಥೆಗಳಿಗೆ. ಹಾಗಾಗಿ ತಮ್ಮ ಕಾಲೇಜು ಯಾವ ಚಂದಾ ಹೊಂದಿದೆ ಎಂಬುದನ್ನು ಅವರು ಪ್ರತ್ಯೇಕವಾಗಿ ವಿಚಾರಿಸಬೇಕು.

ಅಧ್ಯಾಪಕರಿಗೂ ಒಂದು ಸರಳ ಪರೀಕ್ಷೆಯುಂಟು. ಕೊಂಡಿ ಹಾಕಿದ ಮೇಲೆ, ಆವರಣದ ಜಾಲವನ್ನು ಬಿಟ್ಟು ಸ್ವಂತ ಮೊಬೈಲ್‌ನಿಂದ, ಮನೆಯಲ್ಲಿ ಕುಳಿತು ಅದನ್ನು ಒಮ್ಮೆ ತೆರೆದು ನೋಡಬೇಕು. ಅವರಿಗೆ ತೆರೆದರೆ ಚಂದ್ರಾ ಲೇಔಟ್‌ನ ಕೋಣೆಯಲ್ಲೂ ತೆರೆಯುವ ಸಂಭವವೇ ಹೆಚ್ಚು. ಸಾವಿರಾರು ಕೋಟಿ ರೂಪಾಯಿಯ ಚಂದಾ ಸಾರ್ಥಕವಾಗುವುದು ಆಗಲೇ.